ಎನ್‌ಎಚ್‌ಎಲ್ ತಂಡದ ಕೆಳಗೆ ಯಾರ್ಯಾರು? ಎಎಚ್‌ಎಲ್, ಇಸಿಎಚ್‌ಎಲ್ ನಂಟು ಬಿಡಿಸಿ ಓದುವ ಸಮಗ್ರ ಮಾರ್ಗದರ್ಶಿ

ನಮ್ಮಲ್ಲಿ ಹಾಕಿ ಎಂದರೆ ಕೊಡಗು ನೆನಪಾಗುತ್ತದೆ. ಇಲ್ಲಿನ ಮಾತು ಮಂಜಿನ ಹಾಸಿನ ಮೇಲೆ ಸ್ಕೇಟ್ ಕಟ್ಟಿ ಆಡುವ ಐಸ್ ಹಾಕಿಯದು, ಅದರಲ್ಲೂ ಅಮೆರಿಕ ಮತ್ತು ಕೆನಡಾದ ವೃತ್ತಿಪರ ಲೀಗ್‌ಗಳದ್ದು. ಸ್ಯಾನ್ ಹೋಸೆ, ಡಲ್ಲಾಸ್, ಟೊರೊಂಟೊ ಕಡೆ ನೆಲೆಸಿ ಈ ಆಟದ ರುಚಿ ಹತ್ತಿಸಿಕೊಂಡ ಕನ್ನಡಿಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಮೊನ್ನೆ ದೊಡ್ಡ ತಂಡದಲ್ಲಿ ಗೋಲು ಹೊಡೆದವನು ಇವತ್ತು ಯಾವುದೋ ಸಣ್ಣ ಊರಿನ ತಂಡದಲ್ಲಿ ಯಾಕೆ ಆಡುತ್ತಿದ್ದಾನೆ? ಅವನ ಪಕ್ಕದಲ್ಲೇ ಆಡುವ, ಅವನಿಗಿಂತ ಚೆನ್ನಾಗಿ ಆಡುವ ಇನ್ನೊಬ್ಬನನ್ನು ಮೇಲಕ್ಕೆ ಯಾಕೆ ಕರೆಯುವುದಿಲ್ಲ?

ಜರ್ಸಿ, ತಂಡದ ಹೆಸರು, ಊರು ನೋಡಿದರೆ ಉತ್ತರ ಸಿಗುವುದಿಲ್ಲ. ಆಟಗಾರನ ಕರಾರು ಯಾರ ಜೊತೆಗಿದೆ ಎಂದು ನೋಡಬೇಕು. ಕೆಳಗಿನ ಹಂತಗಳೆಲ್ಲ ಅದನ್ನು ಪತ್ತೆ ಹಚ್ಚುವುದಕ್ಕೇ. ತಂಡಗಳ ಜೋಡಿ ಮತ್ತು ಅಂಕಿಗಳು 2025-26ರ ಋತುವಿನವು.

ಹಂತ 1: ಮೊದಲು ಮೆಟ್ಟಿಲು ಗುರುತಿಸಿ

ತುತ್ತತುದಿಯಲ್ಲಿ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, 32 ತಂಡ. ಅದರ ಕೆಳಗೆ ಅಮೆರಿಕನ್ ಹಾಕಿ ಲೀಗ್, ಅಂದರೆ ಎಎಚ್‌ಎಲ್. 1936ರಿಂದ ನಡೆಯುತ್ತಿರುವ ಇದರಲ್ಲೂ ಈಗ 32 ತಂಡ. ಕೊನೆಯದಾಗಿ 2022ರಲ್ಲಿ ಕೋಚೆಲ್ಲಾ ವ್ಯಾಲಿ ಸೇರಿದ ಮೇಲೆ ಒಂದಕ್ಕೊಂದು ಸರಿಹೊಂದುವ ಲೆಕ್ಕವಾಯಿತು. ಪ್ರತಿ ತಂಡಕ್ಕೂ 72 ಪಂದ್ಯ, ಗೆದ್ದವರಿಗೆ ಕಾಲ್ಡರ್ ಕಪ್. ಮೂರನೆಯ ಮೆಟ್ಟಿಲು ಇಸಿಎಚ್‌ಎಲ್. 1988ರಲ್ಲಿ ಈಸ್ಟ್ ಕೋಸ್ಟ್ ಹಾಕಿ ಲೀಗ್ ಆಗಿ ಹುಟ್ಟಿ, ಪಶ್ಚಿಮಕ್ಕೂ ಹರಡಿದ್ದರಿಂದ 2003ರಲ್ಲಿ ಬರೀ ನಾಲ್ಕಕ್ಷರವನ್ನೇ ಹೆಸರಾಗಿಸಿಕೊಂಡಿತು. ಇಲ್ಲಿ 30 ತಂಡ, ಅವೂ 72 ಪಂದ್ಯ ಆಡುತ್ತವೆ, ಟ್ರೋಫಿ ಕೆಲ್ಲಿ ಕಪ್.

ಅದಕ್ಕೂ ಕೆಳಗೆ ಎಸ್‌ಪಿಎಚ್‌ಎಲ್‌ನಂಥ ಲೀಗ್‌ಗಳಿವೆ. ಅಲ್ಲಿನ ತಂಡಗಳಿಗೆ ಎನ್‌ಎಚ್‌ಎಲ್ ಜೊತೆ ಯಾವ ಅಧಿಕೃತ ನಂಟೂ ಇಲ್ಲ. ಜೂನಿಯರ್ ಲೀಗ್‌ಗಳನ್ನೂ ಕಾಲೇಜು ತಂಡಗಳನ್ನೂ ಈ ಮೆಟ್ಟಿಲಿಗೆ ಸೇರಿಸಬೇಡಿ. ಎನ್‌ಎಚ್‌ಎಲ್ ತಂಡ ಅಲ್ಲಿನ ಹುಡುಗನನ್ನು ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಎಳೆಯರನ್ನು ಆರಿಸುವ ವಾರ್ಷಿಕ ಆಯ್ಕೆಯಲ್ಲಿ, ಆರಿಸಿದ್ದರೂ ಆ ಜೂನಿಯರ್ ತಂಡ ಅದರ ಅಂಗತಂಡವಲ್ಲ.

ಹಂತ 2: ಜೋಡಿ ಹುಡುಕಿ, ಹೆಸರು ನಂಬಬೇಡಿ

ಪ್ರತಿ ಜೋಡಿಯಲ್ಲಿ ಮೊದಲು ಬರುವುದು ಎಎಚ್‌ಎಲ್ ತಂಡ, ನಂತರದ್ದು ಅದರ ದೊಡ್ಡ ತಂಡ.

ಅಟ್ಲಾಂಟಿಕ್ ವಿಭಾಗ: ಪ್ರಾವಿಡೆನ್ಸ್ ಬ್ರೂಯಿನ್ಸ್ – ಬಾಸ್ಟನ್, ಹಾರ್ಟ್‌ಫರ್ಡ್ ವುಲ್ಫ್ ಪ್ಯಾಕ್ – ನ್ಯೂಯಾರ್ಕ್ ರೇಂಜರ್ಸ್, ಬ್ರಿಜ್‌ಪೋರ್ಟ್ ಐಲ್ಯಾಂಡರ್ಸ್ – ನ್ಯೂಯಾರ್ಕ್ ಐಲ್ಯಾಂಡರ್ಸ್, ಸ್ಪ್ರಿಂಗ್‌ಫೀಲ್ಡ್ ಥಂಡರ್‌ಬರ್ಡ್ಸ್ – ಸೇಂಟ್ ಲೂಯಿಸ್, ಹರ್ಷಿ ಬೇರ್ಸ್ – ವಾಷಿಂಗ್ಟನ್, ಲೀಹೈ ವ್ಯಾಲಿ ಫ್ಯಾಂಟಮ್ಸ್ – ಫಿಲಡೆಲ್ಫಿಯಾ, ವಿಲ್ಕ್ಸ್-ಬ್ಯಾರಿ/ಸ್ಕ್ರಾಂಟನ್ ಪೆಂಗ್ವಿನ್ಸ್ – ಪಿಟ್ಸ್‌ಬರ್ಗ್, ಶಾರ್ಲಟ್ ಚೆಕರ್ಸ್ – ಫ್ಲೋರಿಡಾ.

ನಾರ್ತ್ ವಿಭಾಗ: ಬೆಲ್‌ವಿಲ್ ಸೆನೆಟರ್ಸ್ – ಆಟವಾ, ಕ್ಲೀವ್‌ಲ್ಯಾಂಡ್ ಮಾನ್‌ಸ್ಟರ್ಸ್ – ಕೊಲಂಬಸ್, ಲವಾಲ್ ರಾಕೆಟ್ – ಮಾಂಟ್ರಿಯಲ್, ರಾಚೆಸ್ಟರ್ ಅಮೆರಿಕನ್ಸ್ – ಬಫಲೋ, ಸಿರಾಕ್ಯೂಸ್ ಕ್ರಂಚ್ – ಟ್ಯಾಂಪಾ ಬೇ, ಟೊರೊಂಟೊ ಮಾರ್ಲೀಸ್ – ಟೊರೊಂಟೊ, ಯೂಟಿಕಾ ಕಾಮೆಟ್ಸ್ – ನ್ಯೂಜೆರ್ಸಿ.

ಸೆಂಟ್ರಲ್ ವಿಭಾಗ: ಶಿಕಾಗೋ ವುಲ್ವ್ಸ್ – ಕ್ಯಾರೊಲಿನಾ, ಗ್ರಾಂಡ್ ರಾಪಿಡ್ಸ್ ಗ್ರಿಫಿನ್ಸ್ – ಡೆಟ್ರಾಯಿಟ್, ಅಯೋವಾ ವೈಲ್ಡ್ – ಮಿನ್ನೆಸೋಟ, ಮ್ಯಾನಿಟೋಬಾ ಮೂಸ್ – ವಿನಿಪೆಗ್, ಮಿಲ್ವಾಕಿ ಅಡ್ಮಿರಲ್ಸ್ – ನ್ಯಾಶ್‌ವಿಲ್, ರಾಕ್‌ಫರ್ಡ್ ಐಸ್‌ಹಾಗ್ಸ್ – ಶಿಕಾಗೋ, ಟೆಕ್ಸಸ್ ಸ್ಟಾರ್ಸ್ – ಡಲ್ಲಾಸ್.

ಪೆಸಿಫಿಕ್ ವಿಭಾಗ: ಅಬಟ್ಸ್‌ಫರ್ಡ್ ಕ್ಯಾನಕ್ಸ್ – ವ್ಯಾಂಕೂವರ್, ಬೇಕರ್ಸ್‌ಫೀಲ್ಡ್ ಕಾಂಡರ್ಸ್ – ಎಡ್ಮಂಟನ್, ಕ್ಯಾಲ್ಗರಿ ರ‍್ಯಾಂಗ್ಲರ್ಸ್ – ಕ್ಯಾಲ್ಗರಿ, ಕೋಚೆಲ್ಲಾ ವ್ಯಾಲಿ ಫೈರ್‌ಬರ್ಡ್ಸ್ – ಸಿಯಾಟಲ್, ಕೊಲರಾಡೊ ಈಗಲ್ಸ್ – ಕೊಲರಾಡೊ, ಹೆಂಡರ್ಸನ್ ಸಿಲ್ವರ್ ನೈಟ್ಸ್ – ವೇಗಸ್, ಒಂಟಾರಿಯೊ ರೇನ್ – ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಗಲ್ಸ್ – ಅನಹೈಮ್, ಸ್ಯಾನ್ ಹೋಸೆ ಬರಾಕುಡಾ – ಸ್ಯಾನ್ ಹೋಸೆ, ಟೂಸಾನ್ ರೋಡ್‌ರನ್ನರ್ಸ್ – ಯೂಟಾ.

ಈ ಪಟ್ಟಿಯಲ್ಲೇ ಎಡವುವ ಜಾಗಗಳಿವೆ. ಶಿಕಾಗೋ ವುಲ್ವ್ಸ್ ಶಿಕಾಗೋ ಬ್ಲ್ಯಾಕ್‌ಹಾಕ್ಸ್‌ನ ತಂಡವಲ್ಲ. ಬ್ಲ್ಯಾಕ್‌ಹಾಕ್ಸ್ ಹುಡುಗರು ಆಡುವುದು ರಾಕ್‌ಫರ್ಡ್‌ನಲ್ಲಿ. ಒಂಟಾರಿಯೊ ರೇನ್ ಇರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಲ್ಲ, ಕ್ಯಾಲಿಫೋರ್ನಿಯಾದ ಒಂಟಾರಿಯೊ ಎಂಬ ಊರಿನಲ್ಲಿ. ಪೆನ್ಸಿಲ್ವೇನಿಯಾದಲ್ಲಿ ಮೂರು ಎಎಚ್‌ಎಲ್ ತಂಡಗಳಿದ್ದು, ಎರಡು ಅದೇ ರಾಜ್ಯದ ಫಿಲಡೆಲ್ಫಿಯಾ ಮತ್ತು ಪಿಟ್ಸ್‌ಬರ್ಗ್‌ಗೆ ಸೇರಿದರೆ ಹರ್ಷಿ ಮಾತ್ರ ವಾಷಿಂಗ್ಟನ್ ಪಾಲು. ಅಯೋವಾದಲ್ಲಿ ಡಿ ಮೊಯಿನ್‌ನ ಅಯೋವಾ ವೈಲ್ಡ್ ಎಎಚ್‌ಎಲ್, ಕೋರಲ್‌ವಿಲ್‌ನ ಅಯೋವಾ ಹಾರ್ಟ್‌ಲ್ಯಾಂಡರ್ಸ್ ಇಸಿಎಚ್‌ಎಲ್. ಎರಡೂ ಮಿನ್ನೆಸೋಟದವೇ.

ಹಳೆಯ ಅಂಕಿಅಂಶ ತೆಗೆಯುವವರಿಗೆ ಇನ್ನೂ ದೊಡ್ಡ ಬಲೆ 2015. ಅಲ್ಲಿಯವರೆಗೆ ಪಶ್ಚಿಮದ ಎನ್‌ಎಚ್‌ಎಲ್ ತಂಡಗಳ ಹುಡುಗರು ದೇಶದ ಇನ್ನೊಂದು ತುದಿಯಲ್ಲಿ ಆಡುತ್ತಿದ್ದರು. ಸ್ಯಾನ್ ಹೋಸೆಯವರು ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ, ಲಾಸ್ ಏಂಜಲೀಸ್‌ನವರು ನ್ಯೂಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್‌ನಲ್ಲಿ, ಅನಹೈಮ್‌ನವರು ವರ್ಜೀನಿಯಾದ ನಾರ್ಫಕ್‌ನಲ್ಲಿ. ಬೆಳಿಗ್ಗೆ ಒಬ್ಬ ಗಾಯಗೊಂಡರೆ ಸಂಜೆಯ ಪಂದ್ಯಕ್ಕೆ ಬದಲಿಯನ್ನು ಕರೆಸುವುದು ಆಗದ ಮಾತು. ಹಾಗಾಗಿ ಐದು ತಂಡಗಳು ಒಟ್ಟಿಗೆ ಕ್ಯಾಲಿಫೋರ್ನಿಯಾಕ್ಕೆ ಬಂದವು, ಹೊಸ ಪೆಸಿಫಿಕ್ ವಿಭಾಗ ಹುಟ್ಟಿತು. ಈ ಅದಲುಬದಲಿನಲ್ಲಿ ಕೆಲವು ಹೆಸರುಗಳು ಲೀಗನ್ನೇ ಬದಲಿಸಿದವು. 2015ಕ್ಕೆ ಮುಂಚಿನ ಒಂಟಾರಿಯೊ ರೇನ್ ಮತ್ತು ಬೇಕರ್ಸ್‌ಫೀಲ್ಡ್ ಕಾಂಡರ್ಸ್ ಇಸಿಎಚ್‌ಎಲ್ ತಂಡಗಳು, ನಂತರದವು ಎಎಚ್‌ಎಲ್. ಮ್ಯಾಂಚೆಸ್ಟರ್ ಮೊನಾರ್ಕ್ಸ್ 2015ರಲ್ಲಿ ಕಾಲ್ಡರ್ ಕಪ್ ಗೆದ್ದು ಮುಂದಿನ ಋತುವಿಗೆ ಇಸಿಎಚ್‌ಎಲ್ ತಂಡವಾಯಿತು. ನಾರ್ಫಕ್ ಅಡ್ಮಿರಲ್ಸ್‌ದೂ ಇದೇ ಕಥೆ. ಕೊಲರಾಡೊ ಈಗಲ್ಸ್ 2017, 2018ರಲ್ಲಿ ಕೆಲ್ಲಿ ಕಪ್ ಗೆದ್ದ ಬೆನ್ನಿಗೇ ಎಎಚ್‌ಎಲ್‌ಗೆ ಏರಿತು. ಆಟಗಾರನ ಹಳೆಯ ಗೋಲುಗಳನ್ನು ಎಣಿಸುವಾಗ ತಂಡದ ಹೆಸರಿನ ಪಕ್ಕದ ಲೀಗ್ ಕಾಲಮ್ ನೋಡದಿದ್ದರೆ ಇಸಿಎಚ್‌ಎಲ್ ಗೋಲು ಎಎಚ್‌ಎಲ್ ಲೆಕ್ಕಕ್ಕೆ ಸೇರಿಬಿಡುತ್ತದೆ.

ಹಂತ 3: ನಂಟು ಎಂಥದ್ದು ನೋಡಿ

ಅಂಗತಂಡಗಳಲ್ಲಿ ಎರಡು ಬಗೆ: ಸ್ವಂತ ಮನೆ ಮತ್ತು ಬಾಡಿಗೆ ಮನೆ. ಟೊರೊಂಟೊ ಮಾರ್ಲೀಸ್, ಲವಾಲ್ ರಾಕೆಟ್, ಸ್ಯಾನ್ ಹೋಸೆ ಬರಾಕುಡಾದಂಥವು ದೊಡ್ಡ ತಂಡದ ಒಡೆತನದಲ್ಲೇ ಇವೆ. ಕ್ಯಾಲ್ಗರಿ ಮತ್ತು ವಿನಿಪೆಗ್‌ನಲ್ಲಂತೂ ಎನ್‌ಎಚ್‌ಎಲ್ ತಂಡ, ಎಎಚ್‌ಎಲ್ ತಂಡ ಎರಡೂ ಒಂದೇ ಕ್ರೀಡಾಂಗಣದಲ್ಲಿ ಆಡುತ್ತವೆ. ಇಂಥ ಜೋಡಿ ಸುಲಭಕ್ಕೆ ಮುರಿಯುವುದಿಲ್ಲ.

ಇನ್ನೊಂದು ಬಗೆಯಲ್ಲಿ ಎಎಚ್‌ಎಲ್ ತಂಡಕ್ಕೆ ಬೇರೆ ಮಾಲೀಕರು. ಹರ್ಷಿ ಬೇರ್ಸ್ ಚಾಕೊಲೇಟ್ ಊರಿನ ಹರ್ಷಿ ಎಂಟರ್‌ಟೇನ್‌ಮೆಂಟ್ ಆ್ಯಂಡ್ ರೆಸಾರ್ಟ್ಸ್‌ನದ್ದು; 1938ರಿಂದ ಲೀಗ್‌ನಲ್ಲಿದೆ, 13 ಕಾಲ್ಡರ್ ಕಪ್ ಗೆದ್ದಿದೆ, ವಾಷಿಂಗ್ಟನ್ ಜೊತೆ 2005ರಿಂದ ಇದೆ. ಮಿಲ್ವಾಕಿ, ಗ್ರಾಂಡ್ ರಾಪಿಡ್ಸ್, ಪ್ರಾವಿಡೆನ್ಸ್, ಶಾರ್ಲಟ್ ಕೂಡ ಹೀಗೆಯೇ. ಸಾಮಾನ್ಯವಾಗಿ ದೊಡ್ಡ ತಂಡ ಆಟಗಾರರನ್ನೂ ಕೋಚ್‌ಗಳನ್ನೂ ಕೊಟ್ಟು ಸಂಬಳ ಭರಿಸುತ್ತದೆ. ಟಿಕೆಟ್, ಜಾಹೀರಾತು, ಕ್ರೀಡಾಂಗಣ ಸ್ಥಳೀಯ ಮಾಲೀಕರ ಪಾಲು. ಅಷ್ಟು ವರ್ಷಕ್ಕೆ ಎಂದು ಒಪ್ಪಂದ, ಮುಗಿದಾಗ ಮುಂದುವರಿಸಬಹುದು, ಬಿಡಬಹುದು.

ಜಗಳ ಏಳುವುದು ಗುರಿ ಬೇರೆಯಾದಾಗ. ಸ್ಥಳೀಯ ಮಾಲೀಕನಿಗೆ ಗೆಲುವು ಬೇಕು, ಗೆದ್ದರೆ ಕುರ್ಚಿ ತುಂಬುತ್ತವೆ. ದೊಡ್ಡ ತಂಡಕ್ಕೆ ತನ್ನ 20 ವರ್ಷದ ಹುಡುಗ ಪ್ರತಿ ರಾತ್ರಿ 20 ನಿಮಿಷ ಆಡಿ ಕಲಿಯಬೇಕು, ಸೋತರೂ ಚಿಂತೆಯಿಲ್ಲ. ಶಿಕಾಗೋ ವುಲ್ವ್ಸ್ 2023-24ರಲ್ಲಿ ಯಾವ ಎನ್‌ಎಚ್‌ಎಲ್ ತಂಡದ ಹಂಗೂ ಇಲ್ಲದೆ ಆಡಿತು. ಅತ್ತ ಕ್ಯಾರೊಲಿನಾ ತನ್ನ ಹುಡುಗರನ್ನು ಬೇರೆ ಬೇರೆ ಎಎಚ್‌ಎಲ್ ತಂಡಗಳಿಗೆ ಹಂಚಿ ಎರವಲು ಕೊಡಬೇಕಾಯಿತು. ಪರರ ಮನೆಯಲ್ಲಿ ಅವರ ಹುಡುಗರಿಗೇ ಮೊದಲ ಪಂಕ್ತಿ. ಎರವಲು ಬಂದವನು ಎಷ್ಟು ಹೊತ್ತು ಆಡುತ್ತಾನೆ, ಯಾವ ಪದ್ಧತಿಯಲ್ಲಿ ಆಡುತ್ತಾನೆ ಎಂಬುದು ಕ್ಯಾರೊಲಿನಾ ಕೈಯಲ್ಲಿ ಇರಲಿಲ್ಲ. ಒಂದೇ ವರ್ಷಕ್ಕೆ, 2024-25ರ ಹೊತ್ತಿಗೆ, ಇಬ್ಬರೂ ಮತ್ತೆ ಕೈಜೋಡಿಸಿದರು.

ಸೇಂಟ್ ಲೂಯಿಸ್ ಪಟ್ಟ ಪಾಡು ಇದಕ್ಕಿಂತ ಉದ್ದ. ಅದುವರೆಗೆ ತನ್ನ ಜೊತೆಗಿದ್ದ ಶಿಕಾಗೋ ವುಲ್ವ್ಸ್ 2017ರಲ್ಲಿ ಹೊಸದಾಗಿ ಬಂದ ವೇಗಸ್ ಜೊತೆ ಸೇರಿದ್ದರಿಂದ ಸೇಂಟ್ ಲೂಯಿಸ್‌ಗೆ ಒಂದು ವರ್ಷ ತನ್ನದೇ ಎಂಬ ತಂಡವಿರಲಿಲ್ಲ. 2018ರಲ್ಲಿ ಸ್ಯಾನ್ ಆಂಟೋನಿಯೊ ಸಿಕ್ಕಿತು. 2020ರಲ್ಲಿ ಆ ತಂಡವನ್ನೇ ವೇಗಸ್ ಕೊಂಡು ಹೆಂಡರ್ಸನ್‌ಗೆ ಒಯ್ದಿತು. 2020-21ರಲ್ಲಿ ಯೂಟಿಕಾವನ್ನು ವ್ಯಾಂಕೂವರ್ ಜೊತೆ ಹಂಚಿಕೊಂಡು, 2021ರಲ್ಲಿ ಸ್ಪ್ರಿಂಗ್‌ಫೀಲ್ಡ್‌ಗೆ ಬಂದು ನೆಲೆಯಾಯಿತು. ಐದು ವರ್ಷದಲ್ಲಿ ನಾಲ್ಕು ಊರು. ಆ ಅವಧಿಯಲ್ಲಿ ಬೆಳೆದ ಸೇಂಟ್ ಲೂಯಿಸ್ ಹುಡುಗನ ಅಂಕಿ ಏರುಪೇರಾಗಿ ಕಂಡರೆ ಆಟ ಕೆಟ್ಟಿತ್ತು ಎಂದು ಷರಾ ಬರೆಯುವ ಮುನ್ನ ಇದನ್ನು ನೆನಪಿಡಿ.

ಹಂತ 4: ಆಟಗಾರನ ಕರಾರು ಯಾವ ಬಗೆಯದು

ಹರ್ಷಿ ಜರ್ಸಿ ತೊಟ್ಟು ಒಂದೇ ಬೆಂಚಿನ ಮೇಲೆ ಕೂತವರಲ್ಲಿ ಮೂರ್ನಾಲ್ಕು ಬಗೆಯ ಕರಾರಿನವರು ಇರುತ್ತಾರೆ.

ಮೊದಲನೆಯವನು ವಾಷಿಂಗ್ಟನ್ ಜೊತೆ ಎನ್‌ಎಚ್‌ಎಲ್ ಕರಾರು ಮಾಡಿಕೊಂಡವನು. ಅವನನ್ನು ಮೇಲೆ ಕರೆಯಬಹುದು, ಕೆಳಗೆ ಕಳಿಸಬಹುದು. ಒಂದು ಎನ್‌ಎಚ್‌ಎಲ್ ತಂಡ ಒಮ್ಮೆಗೆ ಇಂಥ 50 ಕರಾರು ಮಾತ್ರ ಹೊಂದಿರಬಹುದು; ಮೇಲಿನ ಪಟ್ಟಿಗೆ 23 ಜನರ ಮಿತಿ.

ಎರಡನೆಯವನ ಕರಾರು ಹರ್ಷಿ ಜೊತೆಗಷ್ಟೇ. ಇವನು ಲೀಗ್‌ನಲ್ಲೇ ಹೆಚ್ಚು ಗೋಲು ಹೊಡೆದರೂ ಹೊಸದಾಗಿ ಎನ್‌ಎಚ್‌ಎಲ್ ಕರಾರು ಆಗದೆ ವಾಷಿಂಗ್ಟನ್ ಪರ ಒಂದು ಪಂದ್ಯವನ್ನೂ ಆಡುವಂತಿಲ್ಲ. 50ರ ಲೆಕ್ಕ ತುಂಬಿದ್ದರೆ ಆ ದಾರಿಯೂ ಬಂದ್. "ಅಷ್ಟು ಚೆನ್ನಾಗಿ ಆಡ್ತಾನೆ, ಕರೀಬಾರ್ದಾ?" ಎಂಬ ಪ್ರಶ್ನೆಗೆ ಬಹಳ ಸಲ ಉತ್ತರ ಇಷ್ಟೇ.

ಮೂರನೆಯವನು ಪಿಟಿಒ, ಅಂದರೆ ವೃತ್ತಿಪರ ಪರೀಕ್ಷಾ ಕರಾರಿನಲ್ಲಿ ಬಂದವನು. 25 ಪಂದ್ಯದ ಮಟ್ಟಿಗೆ ಅವಕಾಶ. ಇಸಿಎಚ್‌ಎಲ್ ಹುಡುಗರು ಎಎಚ್‌ಎಲ್ ಬಾಗಿಲು ತಟ್ಟುವುದು ಹೆಚ್ಚಾಗಿ ಹೀಗೆ. ಕಾಲೇಜು ಅಥವಾ ಜೂನಿಯರ್ ಋತು ಮುಗಿಸಿ ಮಾರ್ಚ್-ಏಪ್ರಿಲ್‌ನಲ್ಲಿ ಬರುವವರದ್ದು ಎಟಿಒ, ಹವ್ಯಾಸಿ ಪರೀಕ್ಷಾ ಕರಾರು.

ಟೂ-ವೇ ಕರಾರಿನ ಬಗ್ಗೆ ಹಬ್ಬಿರುವ ತಪ್ಪು ತಿಳಿವಳಿಕೆಯೊಂದಿದೆ. ಟೂ-ವೇ ಎಂದರೆ ಯಾವ ಲೀಗ್‌ನಲ್ಲಿದ್ದಾನೋ ಆ ಲೀಗ್‌ನ ದರದಲ್ಲಿ ಸಂಬಳ, ಅಷ್ಟೇ. 7,75,000 ಡಾಲರ್ ಎನ್‌ಎಚ್‌ಎಲ್ ದರ, 85,000 ಡಾಲರ್ ಎಎಚ್‌ಎಲ್ ದರ ಎಂದಿಟ್ಟುಕೊಳ್ಳಿ. ಋತುವಿನ ಸುಮಾರು 190 ದಿನಕ್ಕೆ ಹಂಚಿದರೆ ಮೇಲೆ ದಿನಕ್ಕೆ 4,000 ಡಾಲರ್ ಆಸುಪಾಸು, ಕೆಳಗೆ 450ರ ಹತ್ತಿರ. ಕರಾರು ಟೂ-ವೇ ಆದಮಾತ್ರಕ್ಕೆ ವೇವರ್ (ಕೆಳಗೆ ಕಳಿಸುವ ಮುನ್ನ ಆಟಗಾರನನ್ನು ಬೇರೆ ತಂಡಗಳ ಮುಂದೆ ಇಡುವ ಕ್ರಮ) ಇಲ್ಲದೆ ಕಳಿಸಬಹುದು ಎಂದೇನಿಲ್ಲ, ಎಲ್ಲಿದ್ದರೂ ಒಂದೇ ಸಂಬಳದ ಒನ್-ವೇ ಆದರೆ ಕಳಿಸುವಂತಿಲ್ಲ ಎಂದೂ ಇಲ್ಲ. ವೇವರ್‌ಗೆ ಬೇರೆಯೇ ಲೆಕ್ಕ.

ಹಂತ 5: ವೇವರ್ ಬೇಕೋ ಬೇಡವೋ, ಲೆಕ್ಕ ಹಾಕಿ

ಇದು ಇಡೀ ವ್ಯವಸ್ಥೆಯ ಕೀಲು. ದೊಡ್ಡ ತಂಡ ಅನುಭವಿ ಆಟಗಾರನನ್ನು ಎಎಚ್‌ಎಲ್‌ಗೆ ಕಳಿಸಬೇಕಾದರೆ ಮೊದಲು ಅವನನ್ನು ಮಿಕ್ಕ 31 ತಂಡಗಳ ಮುಂದೆ 24 ಗಂಟೆ ಇಡಬೇಕು. ಬೇಕೆಂದವರು ಆ ಕರಾರನ್ನು ಹಾಗೆಯೇ ಎತ್ತಿಕೊಳ್ಳಬಹುದು, ಪ್ರತಿಯಾಗಿ ಆಟಗಾರನನ್ನು ಕೊಡಬೇಕಿಲ್ಲ. ಇಬ್ಬರು ಮೂವರು ಕೈ ಎತ್ತಿದರೆ ಅಂಕಪಟ್ಟಿಯಲ್ಲಿ ಕೆಳಗಿರುವವರಿಗೆ ಆದ್ಯತೆ; ನವೆಂಬರ್ 1ರವರೆಗೆ ಹಿಂದಿನ ಋತುವಿನ ಪಟ್ಟಿ, ಆಮೇಲೆ ಈ ಋತುವಿನದು. ಗಡುವು ಅಮೆರಿಕದ ಪೂರ್ವ ಸಮಯ ಮಧ್ಯಾಹ್ನ 2 ಗಂಟೆ, ಅಂದರೆ ಚಳಿಗಾಲದಲ್ಲಿ ನಮ್ಮ ರಾತ್ರಿ 12.30.

ಎಳೆಯರಿಗೆ ಇದರಿಂದ ವಿನಾಯಿತಿ ಇದೆ. ಮೊದಲ ಎನ್‌ಎಚ್‌ಎಲ್ ಕರಾರು ಮಾಡಿದಾಗಿನ ವಯಸ್ಸಿನ ಮೇಲೆ ಅದು ನಿಂತಿದೆ. ಗೋಲಿ, ಅಂದರೆ ಗೋಲ್‌ಕೀಪರ್, ಅಲ್ಲದ ಆಟಗಾರನಿಗೆ:

18ರಲ್ಲಿ ಸಹಿ ಹಾಕಿದ್ದರೆ 5 ವರ್ಷ ಅಥವಾ 160 ಎನ್‌ಎಚ್‌ಎಲ್ ಪಂದ್ಯ
19ರಲ್ಲಿ 4 ವರ್ಷ ಅಥವಾ 160
20ರಲ್ಲಿ 3 ವರ್ಷ ಅಥವಾ 160
21ರಲ್ಲಿ 3 ವರ್ಷ ಅಥವಾ 80
22ರಲ್ಲಿ 3 ವರ್ಷ ಅಥವಾ 70
23ರಲ್ಲಿ 3 ವರ್ಷ ಅಥವಾ 60
24ರಲ್ಲಿ 2 ವರ್ಷ ಅಥವಾ 60
25 ಅಥವಾ ಅದಕ್ಕೂ ಮೇಲಾದರೆ 1 ವರ್ಷ

ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಿನಾಯಿತಿ ಮುಗಿಯಿತು. 18 ಅಥವಾ 19ರಲ್ಲಿ ಸಹಿ ಹಾಕಿದವನು ಆ ವಯಸ್ಸಿನಲ್ಲೇ ಒಂದು ಋತುವಿನಲ್ಲಿ 11 ಎನ್‌ಎಚ್‌ಎಲ್ ಪಂದ್ಯ ಆಡಿಬಿಟ್ಟರೆ ವರ್ಷದ ಲೆಕ್ಕ ಆ ಋತುವಿನಿಂದ 3ಕ್ಕೆ ಇಳಿಯುತ್ತದೆ. ಗೋಲಿಗಳಿಗೆ ಕೋಷ್ಟಕವೇ ಬೇರೆ, ಅವರು ಮಾಗುವುದು ನಿಧಾನ. 18ರಲ್ಲಿ ಸಹಿ ಹಾಕಿದ ಗೋಲಿಗೆ 6 ವರ್ಷ ಅಥವಾ 80 ಪಂದ್ಯ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಒಬ್ಬ ಡಿಫೆನ್ಸ್ ಆಟಗಾರ 20ರಲ್ಲಿ ಸಹಿ ಹಾಕಿದ, ಮೂರು ಋತುವಿನಲ್ಲಿ ಬರೀ 35 ಎನ್‌ಎಚ್‌ಎಲ್ ಪಂದ್ಯ ಆಡಿದ. 160 ಆಗಿಲ್ಲ, ಆದರೆ 3 ವರ್ಷ ಮುಗಿಯಿತು. ನಾಲ್ಕನೆಯ ಅಕ್ಟೋಬರ್‌ನಲ್ಲಿ ಅವನನ್ನು ಕೆಳಗೆ ಕಳಿಸಲು ವೇವರ್ ಬೇಕು. ಬೇರೆ ತಂಡ ಕಸಿದುಕೊಳ್ಳುವ ಭಯ, ಹಾಗಾಗಿ ಏಳನೆಯ ಡಿಫೆನ್ಸ್ ಆಟಗಾರನಾಗಿ ಮೇಲೆಯೇ ಉಳಿಸಿಕೊಳ್ಳುತ್ತಾರೆ. ಅವನಿಗಿಂತ ಚುರುಕಾಗಿ ಆಡಿದ, ವಿನಾಯಿತಿ ಇರುವ 21ರ ಹುಡುಗನನ್ನು ಎಎಚ್‌ಎಲ್‌ಗೆ ಕಳಿಸುತ್ತಾರೆ. ತರಬೇತಿ ಶಿಬಿರದ ಕೊನೆಯ ವಾರದಲ್ಲಿ ಅನ್ಯಾಯ ಎಂದು ಕಾಣುವ ತೀರ್ಮಾನಗಳಲ್ಲಿ ಬಹುಪಾಲು ಈ ಲೆಕ್ಕದಿಂದ ಬಂದವು.

ಯಾರೂ ಎತ್ತಿಕೊಳ್ಳದೆ ವೇವರ್ ದಾಟಿದವನಿಗೆ ಅದರ ಫಲ ಸ್ವಲ್ಪ ಕಾಲ ಉಳಿಯುತ್ತದೆ. ಮತ್ತೆ ಮೇಲೆ ಬಂದು 30 ದಿನ ಪಟ್ಟಿಯಲ್ಲಿರುವವರೆಗೆ ಅಥವಾ 10 ಪಂದ್ಯ ಆಡುವವರೆಗೆ ಇನ್ನೊಂದು ವೇವರ್ ಇಲ್ಲದೆ ವಾಪಸ್ ಕಳಿಸಬಹುದು. ಒಂಬತ್ತನೆಯ ಪಂದ್ಯದ ಬಳಿಕ ಯಾರಾದರೂ ದಿಢೀರನೆ ಕೆಳಗೆ ಹೋದರೆ ಈ ಎಣಿಕೆ ನೆನಪಿಗೆ ಬರಲಿ. ಇನ್ನೊಂದು ಸೂಕ್ಷ್ಮ: ವೇವರ್‌ನಲ್ಲಿ ಒಬ್ಬನನ್ನು ಎತ್ತಿಕೊಂಡ ತಂಡ ಅವನನ್ನು ಮತ್ತೆ ವೇವರ್‌ಗೆ ಇಟ್ಟು, ಹಳೆಯ ತಂಡವೊಂದೇ ಕೈ ಎತ್ತಿದರೆ, ಆ ತಂಡ ಅವನನ್ನು ಸೀದಾ ತನ್ನ ಎಎಚ್‌ಎಲ್ ತಂಡಕ್ಕೆ ಕಳಿಸಿಕೊಳ್ಳಬಹುದು.

ಹಂತ 6: ಸುದ್ದಿಯ ಒಂದು ಸಾಲು ಓದುವುದು

ತಂಡಗಳು ಹೊರಡಿಸುವ ಪ್ರಕಟಣೆ ಒಂದೇ ಸಾಲಿನದು, ಕ್ರಿಯಾಪದದಲ್ಲೇ ಎಲ್ಲ ಅಡಗಿರುತ್ತದೆ. "ರೀಕಾಲ್ಡ್" ಎಂದರೆ ಎನ್‌ಎಚ್‌ಎಲ್ ಕರಾರಿನವನನ್ನು ಮೇಲೆ ಕರೆದರು. "ಲೋನ್ಡ್" ಅಥವಾ "ಅಸೈನ್ಡ್" ಎಂದರೆ ಕೆಳಗೆ ಕಳಿಸಿದರು. ಕರಾರು ಮೇಲಿನ ತಂಡದ್ದೇ, ಆಟಗಾರ ಎರವಲು. "ರಿಲೀಸ್ಡ್ ಫ್ರಂ ಪಿಟಿಒ" ಎಂದರೆ ಪರೀಕ್ಷೆ ಮುಗಿಯಿತು, ಅವನು ತನ್ನ ಇಸಿಎಚ್‌ಎಲ್ ತಂಡಕ್ಕೆ ಮರಳಿದ. "ಕಂಡಿಷನಿಂಗ್ ಲೋನ್" ಗಾಯದಿಂದ ಚೇತರಿಸಿಕೊಂಡವನೋ ಬಹಳ ದಿನ ಬೆಂಚಿನಲ್ಲಿದ್ದವನೋ ಲಯ ಕಂಡುಕೊಳ್ಳಲು ಹೋಗುವುದು. ಗರಿಷ್ಠ 14 ದಿನ, ಆಟಗಾರನ ಒಪ್ಪಿಗೆ ಬೇಕು, ವೇವರ್ ಬೇಡ. "ಎಮರ್ಜೆನ್ಸಿ ರೀಕಾಲ್" ಎಂಬುದು ಗಾಯದಂಥ ಕಾರಣದಿಂದ 12 ಫಾರ್ವರ್ಡ್, 6 ಡಿಫೆನ್ಸ್, 2 ಗೋಲಿ ಎಂಬ ಕನಿಷ್ಠ ಸಂಖ್ಯೆಗೆ ಕೊರತೆ ಬಿದ್ದಾಗ ಮಾತ್ರ.

ಒಬ್ಬ ಗೋಲಿಗೆ ಗಾಯವಾದರೆ ಏನೇನು ಕದಲುತ್ತದೆ ನೋಡಿ. ವಾಷಿಂಗ್ಟನ್‌ನ ಸರಪಳಿ ಹರ್ಷಿ, ಅದರ ಕೆಳಗೆ ಇಸಿಎಚ್‌ಎಲ್‌ನ ಸೌತ್ ಕ್ಯಾರೊಲಿನಾ ಸ್ಟಿಂಗ್‌ರೇಸ್. ಶುಕ್ರವಾರ ಬೆಳಿಗ್ಗೆಯ ಅಭ್ಯಾಸದಲ್ಲಿ ವಾಷಿಂಗ್ಟನ್ ಗೋಲಿಯ ತೊಡೆಸಂದು ಹಿಡಿಯಿತು ಎನ್ನಿ. ಹರ್ಷಿಯ ಗೋಲಿ ಪ್ಯಾಡು, ಹೆಲ್ಮೆಟ್ ಕಾರಿಗೆ ತುಂಬಿಕೊಂಡು ಸುಮಾರು 200 ಕಿಲೋಮೀಟರ್ ಓಡಿಸಿ ಸಂಜೆಯ ಪಂದ್ಯಕ್ಕೆ ಬೆಂಚಿನಲ್ಲಿರುತ್ತಾನೆ. ಎಎಚ್‌ಎಲ್ ಪಂದ್ಯಗಳು ವಾರಾಂತ್ಯದಲ್ಲೇ ಕಿಕ್ಕಿರಿದಿರುವುದರಿಂದ ಹರ್ಷಿಗೂ ಅದೇ ರಾತ್ರಿ ಪಂದ್ಯ, ಅದಕ್ಕೆ ಇಬ್ಬರು ಗೋಲಿ ಬೇಕೇ ಬೇಕು. ಸೌತ್ ಕ್ಯಾರೊಲಿನಾದಿಂದ ಒಬ್ಬನನ್ನು ವಿಮಾನ ಹತ್ತಿಸುತ್ತಾರೆ. ಅವನದು ಎನ್‌ಎಚ್‌ಎಲ್ ಕರಾರಾದರೆ ಆದೇಶ ವಾಷಿಂಗ್ಟನ್‌ನದು, ಎಎಚ್‌ಎಲ್ ಕರಾರಾದರೆ ಹರ್ಷಿಯದು, ಇಸಿಎಚ್‌ಎಲ್ ಕರಾರಾದರೆ ಪಿಟಿಒ. ಸೌತ್ ಕ್ಯಾರೊಲಿನಾ ತನ್ನ ಖಾಲಿ ಜಾಗಕ್ಕೆ ಎಸ್‌ಪಿಎಚ್‌ಎಲ್ ಕಡೆ ಕೈ ಚಾಚುತ್ತದೆ. ಸುದ್ದಿಯಲ್ಲಿ ಒಂದರ ಹಿಂದೊಂದು ಬರುವ ನಾಲ್ಕು ಸಾಲಿಗೆ ಮೂಲ ಒಂದೇ ತೊಡೆಸಂದು. ಗೋಲಿ ಬ್ರೇಡನ್ ಹೋಲ್ಟ್‌ಬಿ ಇದೇ ಸೌತ್ ಕ್ಯಾರೊಲಿನಾ, ಹರ್ಷಿ ದಾರಿಯಲ್ಲಿ ಹತ್ತಿ 2018ರಲ್ಲಿ ವಾಷಿಂಗ್ಟನ್ ಪರ ಎನ್‌ಎಚ್‌ಎಲ್‌ನ ಸ್ಟಾನ್ಲಿ ಕಪ್ ಎತ್ತಿದ. ಗೋಲಿಗಳ ಮಟ್ಟಿಗೆ ಇಸಿಎಚ್‌ಎಲ್ ಅನ್ನು ಹಗುರವಾಗಿ ಕಾಣಬಾರದು.

ಕಾಗದದ ಮೇಲಷ್ಟೇ ನಡೆಯುವ ಓಡಾಟವೂ ಇತ್ತು. ಎರಡು ದಿನ ಪಂದ್ಯವಿಲ್ಲದಿದ್ದರೆ ಹುಡುಗನನ್ನು ಲೆಕ್ಕಕ್ಕೆ ಕೆಳಗೆ ಕಳಿಸಿ ಸಂಬಳ ಮಿತಿಯಲ್ಲಿ, ಅಂದರೆ ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿಯಲ್ಲಿ, ಹಣ ಉಳಿಸುವುದು. ಹುಡುಗ ಮನೆ ಬಿಟ್ಟು ಕದಲಿರುವುದಿಲ್ಲ. 2025-26ರಿಂದ ಇದಕ್ಕೆ ಕಡಿವಾಣ ಬಿದ್ದಿದ್ದು, ಕೆಳಗೆ ಹೋದವನು ಅಲ್ಲಿ ಪಂದ್ಯ ಆಡಿಯೇ ವಾಪಸಾಗಬೇಕು. ಹಳೆಯ ಋತುಗಳ ದಾಖಲೆ ಓದುವಾಗ ಮಾತ್ರ ಬೆಳಿಗ್ಗೆ ಕೆಳಗೆ, ಸಂಜೆ ಮೇಲೆ ಎಂಬ ಸಾಲುಗಳು ಧಾರಾಳ ಸಿಗುತ್ತವೆ.

ಹಂತ 7: ಸಂಬಳ ಮಿತಿ ಪೂರ್ತಿ ಮಾಯವಾಗುವುದಿಲ್ಲ

ದುಬಾರಿ ಆಟಗಾರನನ್ನು ಎಎಚ್‌ಎಲ್‌ಗೆ ತಳ್ಳಿದರೆ ಅವನ ಸಂಬಳ ಮಿತಿಯ ಲೆಕ್ಕದಿಂದ ಹೊರಬೀಳುತ್ತದೆ ಎಂದುಕೊಂಡರೆ ತಪ್ಪು. ಎನ್‌ಎಚ್‌ಎಲ್ ಕನಿಷ್ಠ ಸಂಬಳಕ್ಕೆ 3,75,000 ಡಾಲರ್ ಸೇರಿಸಿದಷ್ಟು ಮಾತ್ರ ಹೊರಬೀಳುತ್ತದೆ. ಕನಿಷ್ಠ 7,75,000 ಇರುವಾಗ ಅದು 11,50,000. ವರ್ಷಕ್ಕೆ 50 ಲಕ್ಷ ಡಾಲರ್ ಮಿತಿಭಾರವಿದ್ದವನು ಕೆಳಗೆ ಹೋದರೂ 38,50,000 ಡಾಲರ್ ಮೇಲಿನ ಲೆಕ್ಕದಲ್ಲೇ ಕೂತಿರುತ್ತದೆ. ಅಂಥವನನ್ನು ಕಳಿಸಿದ್ದಾರೆಂದರೆ ಅದು ಬರೀ ಹಣದ ವಿಷಯವಲ್ಲ.

ಹಂತ 8: ಎಎಚ್‌ಎಲ್‌ನ ಒಳನಿಯಮ ಮರೆಯಬೇಡಿ

ಎಎಚ್‌ಎಲ್ ತಂಡ ಗೋಲಿಗಳನ್ನು ಬಿಟ್ಟು 18 ಜನರನ್ನು ಇಳಿಸುತ್ತದೆ. ಅವರಲ್ಲಿ ಕನಿಷ್ಠ 13 ಮಂದಿ ಬೆಳೆಯುವ ಹಂತದವರಾಗಿರಬೇಕು: 12 ಜನ ಋತುವಿನ ಆರಂಭಕ್ಕೆ 260ಕ್ಕಿಂತ ಹೆಚ್ಚು ವೃತ್ತಿಪರ ಪಂದ್ಯ ಆಡಿರಬಾರದು, ಒಬ್ಬ 320 ಮೀರಿರಬಾರದು. ಮಿಕ್ಕ ಐದೇ ಜಾಗಕ್ಕೆ ಹಳಬರ ಪೈಪೋಟಿ. ಆರನೆಯ ಹಳಬ ಎಷ್ಟೇ ಚೆನ್ನಾಗಿದ್ದರೂ ಆ ರಾತ್ರಿ ಕೋಟು ಹಾಕಿಕೊಂಡು ಮೇಲಿನ ಗ್ಯಾಲರಿಯಲ್ಲಿ ಕೂರಬೇಕು. ಆಟಗಾರರ ಪಟ್ಟಿಯಲ್ಲಿ ಹೆಸರಿಲ್ಲದ ಕೂಡಲೇ ಗಾಯ ಎಂದು ಊಹಿಸಬೇಡಿ. ಇಸಿಎಚ್‌ಎಲ್‌ನಲ್ಲಿ ಇನ್ನೂ ಬಿಗಿ: 260 ಪಂದ್ಯ ದಾಟಿದ ಹಳಬರು ನಾಲ್ಕೇ ಜನ, ಗೋಲಿಗಳಿಗೆ ಈ ಲೆಕ್ಕ ಅನ್ವಯಿಸದು.

ಕೆನಡಾದ ಜೂನಿಯರ್ ಲೀಗ್‌ನಿಂದ ಡ್ರಾಫ್ಟ್ ಆದ 18, 19ರ ಹುಡುಗರನ್ನು ಎಎಚ್‌ಎಲ್‌ಗೆ ಕಳಿಸುವಂತಿಲ್ಲ. ಎನ್‌ಎಚ್‌ಎಲ್‌ನಲ್ಲಿ ಇಟ್ಟುಕೊಳ್ಳಬೇಕು ಅಥವಾ ಜೂನಿಯರ್‌ಗೆ ಮರಳಿಸಬೇಕು. 2026-27ರಿಂದ ಜಾರಿಗೆ ಬರುವ ಹೊಸ ಆಟಗಾರ-ಮಾಲೀಕ ಒಪ್ಪಂದ ಪ್ರತಿ ತಂಡಕ್ಕೆ ಒಬ್ಬ 19ರ ಹುಡುಗನ ಮಟ್ಟಿಗೆ ಈ ಗಂಟು ಸಡಿಲಿಸುತ್ತದೆ. ಯುರೋಪ್‌ನಿಂದ ಆರಿಸಿದ 18ರ ಹುಡುಗ ಎಎಚ್‌ಎಲ್‌ನಲ್ಲಿ ಆಡಬಹುದು, ಅವನಿಗೆ ಈ ತಡೆ ಇಲ್ಲ.

ಹಂತ 9: ಇಸಿಎಚ್‌ಎಲ್ ನಂಟನ್ನು ಪ್ರತಿ ವರ್ಷ ಹೊಸದಾಗಿ ನೋಡಿ

30 ತಂಡ, 32 ಎನ್‌ಎಚ್‌ಎಲ್ ತಂಡ, ಲೆಕ್ಕ ಸರಿಹೊಂದುವುದಿಲ್ಲ. ಒಪ್ಪಂದಗಳೂ ಗಿಡ್ಡ. ಟೊಲೀಡೊ ವಾಲೈ ಡೆಟ್ರಾಯಿಟ್‌ಗೆ, ವೀಲಿಂಗ್ ನೇಲರ್ಸ್ ಪಿಟ್ಸ್‌ಬರ್ಗ್‌ಗೆ, ಐಡಹೊ ಸ್ಟೀಲ್‌ಹೆಡ್ಸ್ ಡಲ್ಲಾಸ್‌ಗೆ ಬಹಳ ಕಾಲದಿಂದ ಅಂಟಿಕೊಂಡಿವೆ, ಆದರೆ ಎಲ್ಲ ತಂಡಗಳೂ ಹೀಗಿಲ್ಲ. ಇನ್ನು ಕೆಲವು ತಂಡಗಳೇ ಇಲ್ಲವಾಗುತ್ತವೆ: ಟೊರೊಂಟೊ ಅಂಗತಂಡವಾಗಿದ್ದ, 2019ರಲ್ಲಿ ಕೆಲ್ಲಿ ಕಪ್ ಗೆದ್ದ ನ್ಯೂಫೌಂಡ್‌ಲ್ಯಾಂಡ್ ಗ್ರೋಲರ್ಸ್‌ನ ಸದಸ್ಯತ್ವವನ್ನು ಲೀಗ್ 2024ರ ಏಪ್ರಿಲ್‌ನಲ್ಲಿ ಋತು ಮುಗಿಯುವ ಮೊದಲೇ ಕಿತ್ತುಹಾಕಿತು.

ಇಲ್ಲಿನ ನಂಟು ಸಡಿಲ ಎಂಬುದಕ್ಕೆ ಇನ್ನೊಂದು ಗುರುತು: ಇಸಿಎಚ್‌ಎಲ್ ತಂಡದ ಹೆಚ್ಚಿನವರ ಕರಾರು ಆ ತಂಡದ ಜೊತೆಗೇ, ಹಾಗಾಗಿ ಯಾವ ಎಎಚ್‌ಎಲ್ ತಂಡ ಬೇಕಾದರೂ ಅವರನ್ನು ಪಿಟಿಒ ಕೊಟ್ಟು ಕರೆಯಬಹುದು. ಟೊಲೀಡೊ ಆಟಗಾರ ಗ್ರಾಂಡ್ ರಾಪಿಡ್ಸ್‌ಗೇ ಹೋಗಬೇಕೆಂದಿಲ್ಲ, ಮಿಲ್ವಾಕಿಗೂ ಹೋಗಬಹುದು.

ಹಂತ 10: ದಿನದರ್ಶಿಯಲ್ಲಿ ಗುರುತು ಹಾಕಿ

ಅಕ್ಟೋಬರ್ ಮೊದಲ ವಾರ ವೇವರ್ ಪಟ್ಟಿ ಉದ್ದವಾಗಿರುತ್ತದೆ, ಎಲ್ಲರೂ 23ಕ್ಕೆ ಇಳಿಸುವ ಧಾವಂತ. ಡಿಸೆಂಬರ್ 19ರ ರಾತ್ರಿಯಿಂದ 27ರವರೆಗೆ ಎನ್‌ಎಚ್‌ಎಲ್ ಪಟ್ಟಿ ಹೆಪ್ಪುಗಟ್ಟಿರುತ್ತದೆ. ತಂಡಗಳ ನಡುವೆ ಆಟಗಾರರ ಅದಲುಬದಲಿಗೆ ಮಾರ್ಚ್ ಸುಮಾರಿನ ವಹಿವಾಟು ಗಡುವು ಎಎಚ್‌ಎಲ್ ಅಭಿಮಾನಿಗೆ ಇನ್ನೂ ಮುಖ್ಯ: ಗಡುವಿನ ಹೊತ್ತಿಗೆ ಎಎಚ್‌ಎಲ್ ಪಟ್ಟಿಯಲ್ಲಿ ಇಲ್ಲದವನು ಆ ವರ್ಷದ ಎಎಚ್‌ಎಲ್ ಪ್ಲೇಆಫ್‌ಗೆ ಅರ್ಹನಲ್ಲ. ಮೇಲೆ ಚೆನ್ನಾಗಿ ಆಡುತ್ತಿರುವ ಎಳೆಯನನ್ನು ಆ ದಿನ ಕೆಳಗೆ ಕಳಿಸಿದರೆ ಶಿಕ್ಷೆಯೆಂದು ತಿಳಿಯಬೇಡಿ, ಏಪ್ರಿಲ್‌ಗೆ ಬಾಗಿಲು ತೆರೆದಿಟ್ಟುಕೊಂಡಿದ್ದಾರೆ. ಆ ಗಡುವಿನ ನಂತರ ಎನ್‌ಎಚ್‌ಎಲ್‌ನ 23ರ ಮಿತಿಯೂ ಇರುವುದಿಲ್ಲ.

ಎಎಚ್‌ಎಲ್ ಪ್ಲೇಆಫ್‌ಗೆ 32ರಲ್ಲಿ 23 ತಂಡ ಬರುತ್ತವೆ: ಅಟ್ಲಾಂಟಿಕ್‌ನಿಂದ 6, ನಾರ್ತ್ ಮತ್ತು ಸೆಂಟ್ರಲ್‌ನಿಂದ ತಲಾ 5, ಪೆಸಿಫಿಕ್‌ನಿಂದ 7. ದೊಡ್ಡ ತಂಡ ಎನ್‌ಎಚ್‌ಎಲ್ ಪ್ಲೇಆಫ್ ತಪ್ಪಿಸಿಕೊಂಡರೆ ಅದರ ಎಳೆಯರೆಲ್ಲ ಕೆಳಗಿಳಿದು ಅಂಗತಂಡ ಒಮ್ಮೆಲೇ ಬಲಿಷ್ಠವಾಗುತ್ತದೆ. 2025ರಲ್ಲಿ ವ್ಯಾಂಕೂವರ್ ಪ್ಲೇಆಫ್ ತಲುಪಲಿಲ್ಲ. ಅದರ ಅಬಟ್ಸ್‌ಫರ್ಡ್ ಶಾರ್ಲಟ್ ತಂಡವನ್ನು ಫೈನಲ್‌ನಲ್ಲಿ 4-2ರಿಂದ ಸೋಲಿಸಿ ಮೊದಲ ಕಾಲ್ಡರ್ ಕಪ್ ಗೆದ್ದಿತು. ಆ ತಂಡದಲ್ಲಿ ಕೆನಡಾದ ಸರ್ರೆಯ ಪಂಜಾಬಿ ಮನೆತನದ ಅರ್ಷದೀಪ್ ಬೈನ್ಸ್ ಕೂಡ ಇದ್ದ.

ಭಾರತದಿಂದ ನೋಡುವವರಿಗೆ: ಪೂರ್ವ ಕರಾವಳಿಯ ಸಂಜೆ 7ರ ಪಂದ್ಯ ನವೆಂಬರ್‌ನಿಂದ ಮಾರ್ಚ್ ಮೊದಲ ಭಾಗದವರೆಗೆ ನಮ್ಮ ಮರುದಿನ ಬೆಳಿಗ್ಗೆ 5.30ಕ್ಕೆ, ಪಶ್ಚಿಮದ 7ರ ಪಂದ್ಯ 8.30ಕ್ಕೆ. ಅಮೆರಿಕದವರು ಗಡಿಯಾರ ಮುಂದಿಟ್ಟ ಮೇಲೆ ಎರಡರಲ್ಲೂ ಒಂದೊಂದು ಗಂಟೆ ಕಳೆಯಿರಿ. ಎಎಚ್‌ಎಲ್ ಮತ್ತು ಇಸಿಎಚ್‌ಎಲ್ ಎರಡರ ನೇರ ಪ್ರಸಾರವೂ ಫ್ಲೋಹಾಕಿ ಎಂಬ ಅಂತರ್ಜಾಲ ತಾಣದಲ್ಲಿದೆ. ಚಂದಾ ಕಟ್ಟುವ ಮುನ್ನ ನಿಮ್ಮ ತಂಡದ ಪಂದ್ಯಗಳು ನೀವಿರುವ ದೇಶದಲ್ಲಿ ಸಿಗುತ್ತವೆಯೇ ಎಂದು ಒಂದು ಪಂದ್ಯದ ಪುಟ ತೆರೆದು ನೋಡಿಕೊಳ್ಳಿ.